ನೋವಿಗೆ ಮಾತ್ರೆಯೊಂದೇ ಮದ್ದಲ್ಲ
(ಆನಂದಪುರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ನಾನು ವೈದ್ಯನಲ್ಲ, ಸರ್ಕಾರಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಸೇತುವೆಯಲ್ಲಿ ಬಿರುಕು ಕಂಡರೆ ಮೇಲೆ ಸಿಮೆಂಟ್ ಮೆತ್ತಿ ಸುಮ್ಮನಾಗಬಾರದು, ಭಾರ ಎಲ್ಲಿ ಬೀಳುತ್ತಿದೆ ನೋಡಬೇಕು. ಇದು ನಮ್ಮ ಕಸುಬಿನ ಪಾಠ. ವೃದ್ಧಾಶ್ರಮದ ಹಿರಿಯರ ನೋವಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅನೇಕ ಮನೆಗಳ ಮಕ್ಕಳು ಬೆಂಗಳೂರು ಸೇರಿದ್ದಾರೆ. ಗದ್ದೆ, ತೋಟಗಳಲ್ಲಿ ಸವೆದ ಮೊಣಕಾಲು, ಸೊಂಟ ಹೊತ್ತು ಕೆಲವು ಹಿರಿಯರು ಆಶ್ರಮ ಸೇರುತ್ತಾರೆ. ನೋವು ಎಂದರೆ ಕೈಗೊಂದು ಮಾತ್ರೆ ಬರುತ್ತದೆ. ಕೆಲವು ನೋವಿನ ಮಾತ್ರೆಗಳನ್ನು ಇಳಿವಯಸ್ಸಿನಲ್ಲಿ ದಿನವೂ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು. ಮಂಪರು ತರಿಸುವ ಮಾತ್ರೆಯಿಂದ ಬಿದ್ದು ಮೂಳೆ ಮುರಿಯಬಹುದು. ಹಾಗೆಂದು ವೈದ್ಯರು ಬರೆದ ಔಷಧಿ ಬಿಡಿ ಎನ್ನುತ್ತಿಲ್ಲ. ಅದರ ಜೊತೆಗೆ ಮಾಡಬೇಕಾದ್ದು ಬಹಳ ಇದೆ.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಒಂದು ಸಿದ್ಧಾಂತ ಮಂಡಿಸಿದರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ನಮ್ಮ ಕೆರೆಯ ತೂಬಿನಂಥ ಒಂದು ಬಾಗಿಲಿದೆ. ಸ್ಪರ್ಶದ ಸುದ್ದಿ ಹೋದರೆ ಅದು ಕಿರಿದಾಗುತ್ತದೆ; ಮನಸ್ಸಿನ ಸ್ಥಿತಿಯೂ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಪೆಟ್ಟಾದಲ್ಲಿ ನಾವು ತಕ್ಷಣ ಉಜ್ಜಿಕೊಳ್ಳುವುದು ಇದಕ್ಕೇ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್, ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ಆತ್ಮದ್ದೂ ಹೌದು ಎಂದು ತೋರಿಸಿಕೊಟ್ಟರು.

ಹಾಗಾದರೆ ಮಾಡುವುದೇನು? ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಹದಿನೈದು ನಿಮಿಷ ಕಾವು ಕೊಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮಾತ್ರ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಕೈಕಾಲು ಮೆಲ್ಲನೆ ನೀವಿರಿ. ನಡೆಯಬಲ್ಲವರನ್ನು ದಿನವೂ ಸ್ವಲ್ಪ ನಡೆಸಿ. ಕೂತಷ್ಟೂ ಕೀಲು ಬಿಗಿಯುತ್ತದೆ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ತಗ್ಗಿನ ಕುರ್ಚಿ ತೆಗೆದು ಎತ್ತರದ್ದು ಹಾಕಿ, ಶೌಚಾಲಯದ ಗೋಡೆಗೆ ಹಿಡಿಕೆ ಜಡಿಯಿರಿ. ಸಂಜೆ ಎಲ್ಲರೂ ಕೂಡಿ ವಚನ ಹಾಡಿದರೆ ಗಮನ ನೋವಿನಿಂದ ಸರಿಯುತ್ತದೆ.

ಮರೆವಿನ ಕಾಯಿಲೆಯವರು ನೋವನ್ನು ಹೇಳಲಾರರು. ಅವರಿಗಾಗಿ 2003ರಲ್ಲಿ ಪ್ರಕಟವಾದ ಪೈನಾಡ್ ಎಂಬ ಅಳತೆಗೋಲಿದೆ. ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಮಾಧಾನಕ್ಕೆ ಒಗ್ಗುವರೇ ಎಂಬ ಐದನ್ನು ನೋಡಿ, ಒಂದೊಂದಕ್ಕೆ 0ಯಿಂದ 2 ಅಂಕ ಕೊಡುತ್ತಾರೆ. "ಅಜ್ಜಿಗೆ ಹಟ ಜಾಸ್ತಿ" ಎನ್ನುವ ಮುನ್ನ ಈ ಐದನ್ನು ನೋಡಬೇಕು. ಹೊಸ ನೋವು ಒಮ್ಮೆಲೇ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ಕಾವು ಕೊಡುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ.

ಹುಟ್ಟುಹಬ್ಬದ ದಿನ ಆಶ್ರಮಕ್ಕೆ ಹೋಗಿ ಊಟ ಬಡಿಸಿ, ಫೋಟೋ ತೆಗೆಸಿಕೊಂಡು ಬರುವುದು ಈಗ ರೂಢಿಯಾಗಿದೆ. ಅನ್ನದಾಸೋಹ ದೊಡ್ಡದೇ. ಆದರೆ ಹಿರಿಯರ ಪಕ್ಕ ಅರ್ಧ ಗಂಟೆ ಕೂತು, "ಎಲ್ಲಿ ನೋಯ್ತದೆ ಅಜ್ಜಾ?" ಎಂದು ಕೇಳಿ ಕಾಲು ನೀವುವುದೂ ದಾಸೋಹವೇ. ಪ್ರತಿ ಊರಿನ ಯುವಕ ಸಂಘ, ಅಕ್ಕನ ಬಳಗ ವಾರಕ್ಕೊಂದು ದಿನ ಇದನ್ನು ಹಂಚಿಕೊಳ್ಳಲಿ. ಖರ್ಚು ಹೆಚ್ಚಿಲ್ಲ, ಬೇಕಾದ್ದು ನಮ್ಮ ಹೊತ್ತು. ಆ ಕಾಯಕಕ್ಕೆ ಇಂದೇ ಹೆಸರು ಕೊಡಿ ಎಂದು ಕೈಮುಗಿದು ಕೇಳುತ್ತೇನೆ.