ಡಾಕ್ಟರರ ಪರೀಕ್ಷೆಯೂ ನಮ್ಮ ಆಸ್ಪತ್ರೆಯೂ

(ಗಿರಣಿ ಕೆಲಸಗಾರರ ಮತ್ತು ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣ)



ಇಂದಿನ ಸಭೆಯ ವಿಷಯವನ್ನು ಬೋರ್ಡಿನ ಮೇಲೆ ಓದಿ ಕೆಲವರು ಹುಬ್ಬೇರಿಸಿದರೆಂದು ತಿಳಿಯಿತು. ಬೋನಸ್ಸಿನ ಮಾತಿಲ್ಲ, ತುಟ್ಟಿಭತ್ಯದ ಮಾತಿಲ್ಲ, ಎಂ.ಬಿ.ಬಿ.ಎಸ್. ಮುಗಿಸಿದವರು ಮುಂದಿನ ಓದಿಗಾಗಿ ಬರೆಯುವ ಪರೀಕ್ಷೆಯ ವಿಚಾರವಂತೆ, ಅದು ಡಾಕ್ಟರರ ಪಾಡು, ನಮಗೇಕೆ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನಿಮ್ಮ ಸಂಬಳದ ಚೀಟಿಯಲ್ಲಿದೆ. 2019ರ ಜುಲೈಯಿಂದ ಇ.ಎಸ್.ಐ. ಬಾಬ್ತು ಕೆಲಸಗಾರನ ಕೂಲಿಯಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಮಾಲೀಕ ಮೂರೂಕಾಲು ರೂಪಾಯಿ ಸೇರಿಸಬೇಕು. ಆ ಹಣದಿಂದ ನಡೆಯುವ ಆಸ್ಪತ್ರೆಯಲ್ಲಿ ಮೂಳೆಯ ಡಾಕ್ಟರು, ಎದೆಯ ಡಾಕ್ಟರು, ಶಸ್ತ್ರಕ್ರಿಯೆಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು ಇರಬೇಕೋ ಬೇಡವೋ? ಅಂಥವರೆಲ್ಲ ಹೆಚ್ಚುಕಡಿಮೆ ಈ ಒಂದು ಪರೀಕ್ಷೆಯ ಬಾಗಿಲಿನಿಂದಲೇ ಬರಬೇಕು. ಅಂಗಡಿಯವರಿಗೆ ಇ.ಎಸ್.ಐ. ಇಲ್ಲ, ತಾಲ್ಲೂಕು ಆಸ್ಪತ್ರೆಯೇ ಗತಿ. ಅಲ್ಲಿ ತಜ್ಞರಿಲ್ಲದಿದ್ದರೆ "ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗಿ" ಎಂಬ ಚೀಟಿ ಕೈಗೆ ಬರುತ್ತದೆ. ಆ ಚೀಟಿಯ ಹಿಂದೆ ಎಷ್ಟು ದಿನ ಅಂಗಡಿಯ ಬಾಗಿಲು ಮುಚ್ಚುತ್ತದೆ, ಎಷ್ಟು ತೊಲ ಬಂಗಾರ ಗಿರವಿಗೆ ಹೋಗುತ್ತದೆ ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ.

ಇನ್ನೊಂದು ಸಂಬಂಧವೂ ಉಂಟು. ಬೆಂಗಳೂರಿನ ರಾಜಾಜಿನಗರದಲ್ಲಿಯೂ ಕಲಬುರಗಿಯಲ್ಲಿಯೂ ಇ.ಎಸ್.ಐ. ನಿಗಮದ ವೈದ್ಯಕೀಯ ಕಾಲೇಜುಗಳಿವೆ. ವಿಮೆಗೆ ಒಳಪಟ್ಟ ಕೆಲಸಗಾರರ ಮಕ್ಕಳಿಗೆ ಅಲ್ಲಿ ಎಂ.ಬಿ.ಬಿ.ಎಸ್. ಸೀಟುಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದಾರೆ. ಅಂದರೆ ಮಗ್ಗದ ಮುಂದೆ ನಿಂತವನ ಮಗಳು ಡಾಕ್ಟರಾಗುವುದು ಇಂದು ಕನಸಿನ ಮಾತಲ್ಲ. ಆದರೆ ಎಂ.ಡಿ.ಯೋ ಎಂ.ಎಸ್ಸೋ ಆಗಬೇಕಾದರೆ ಅವಳು ನಿಲ್ಲಬೇಕಾದ ಬಾಗಿಲು ಇದು: ನೀಟ್ ಪಿ.ಜಿ.

ಪರೀಕ್ಷೆಯನ್ನು ನಡೆಸುವುದು ದೆಹಲಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ. ಇನ್ನೂರು ಪ್ರಶ್ನೆ, ಎಂಟುನೂರು ಅಂಕ, ಮೂರೂವರೆ ಗಂಟೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಇದ್ದುದರಲ್ಲಿ ಒಂದು ಅಂಕ ಕಡಿತ. 2025ರ ಪರೀಕ್ಷೆಗೆ ಶುಲ್ಕ 3,500 ರೂಪಾಯಿ, ಪರಿಶಿಷ್ಟ ಜಾತಿ ವರ್ಗದವರಿಗೂ ಅಂಗವಿಕಲರಿಗೂ 2,500. ಇದು ಬರುವುದಕ್ಕೆ ಮುಂಚೆ ನಮ್ಮ ರಾಜ್ಯದಲ್ಲಿ ಸರಕಾರಿ ಸೀಟಿಗೊಂದು ಪರೀಕ್ಷೆ, ಖಾಸಗಿ ಕಾಲೇಜುಗಳ ಒಕ್ಕೂಟದ್ದೊಂದು ಪರೀಕ್ಷೆ ಇತ್ತು. ಪರೀಕ್ಷೆಯ ಹೊರಗೆ ನಡೆಯುತ್ತಿದ್ದ ವ್ಯವಹಾರ ಬೇರೆ. 2013ರ ಜುಲೈ 18ರಂದು ಸುಪ್ರೀಂ ಕೋರ್ಟು ಈ ಒಂದೇ ಪರೀಕ್ಷೆಯ ಏರ್ಪಾಡನ್ನು ರದ್ದು ಮಾಡಿತು. 2016ರ ಏಪ್ರಿಲ್ 11ರಂದು ತಾನೇ ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಿತು. ಹಳೆಯ ಏರ್ಪಾಡಿಗಾಗಿ ನಾವು ಕಣ್ಣೀರು ಸುರಿಸುವವರಲ್ಲ. ಥೈಲಿ ಹೊತ್ತವನಿಗೆ ಮಾತ್ರ ದಾರಿಯಿದ್ದ ಕಾಲವದು. ಎಲ್ಲರಿಗೂ ಒಂದೇ ಅಳತೆ ಎಂದರೆ ಸಮಾಜವಾದಿ ಬೇಡವೆನ್ನಲಾರ. ಅಳತೆಗೋಲು ಯಾರ ಕೈಯಲ್ಲಿದೆ, ಅದನ್ನು ಯಾವಾಗ ಬದಲಾಯಿಸುತ್ತಾರೆ, ಯಾರ ಸಲುವಾಗಿ ಬದಲಾಯಿಸುತ್ತಾರೆ ಎಂಬಲ್ಲಿಯೇ ನಮ್ಮ ತಕರಾರು.

2024ರ ಜೂನ್ 23ರಂದು ಪರೀಕ್ಷೆ ಎಂದು ಗೊತ್ತುಮಾಡಿದ್ದರು. ಎರಡು ಲಕ್ಷಕ್ಕೂ ಮೇಲ್ಪಟ್ಟು ಡಾಕ್ಟರರು ಹೆಸರು ಕೊಟ್ಟಿದ್ದರು. ಎಷ್ಟೋ ಜನ ರೈಲು ಹತ್ತಿ, ರಜ ಹಾಕಿ, ದೂರದ ಊರುಗಳ ಕೇಂದ್ರಗಳನ್ನು ಸೇರಿಯಾಗಿತ್ತು. ಹಿಂದಿನ ರಾತ್ರಿ, ಜೂನ್ 22ರಂದು, ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದು ಪ್ರಕಟಿಸಿದರು. ಬೇರೆ ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆ ಬಯಲಾದ ಗಲಾಟೆ ದೇಶವನ್ನೆಲ್ಲ ತುಂಬಿದ್ದ ಸಮಯ, ಮುಂಜಾಗ್ರತೆ ಎಂದರು. ಗಿರಣಿ ಮಾಲೀಕ ರಾತ್ರೋರಾತ್ರಿ ಗೇಟಿಗೆ ಬೀಗ ಹಾಕಿ ಬೆಳಿಗ್ಗೆ ಕೆಲಸವಿಲ್ಲವೆಂದರೆ ಅದಕ್ಕೆ ಕಾನೂನಿನಲ್ಲಿ ಒಂದು ಹೆಸರಿದೆ, ಒಂದು ಪರಿಹಾರವಿದೆ. ಮಂಡಳಿ ಮಾಡಿದ ಬೀಗಮುದ್ರೆಗೆ ಹೆಸರೂ ಇಲ್ಲ.

ಕೊನೆಗೆ ಆಗಸ್ಟ್ 11ರಂದು ಪರೀಕ್ಷೆಯಾಯಿತು, ಎರಡು ಪಾಳಿಯಲ್ಲಿ. ಬೆಳಿಗ್ಗೆ ಒಂದು ಪ್ರಶ್ನೆಪತ್ರಿಕೆ, ಮಧ್ಯಾಹ್ನ ಬೇರೆ ಪ್ರಶ್ನೆಪತ್ರಿಕೆ. ಪಾಳಿಯ ಮಾತನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದೇ ಮಗ್ಗದ ಮೇಲೆ ಹಗಲು ಪಾಳಿಗೆ ಒಳ್ಳೆಯ ನೂಲು ಬಂದಿರುತ್ತದೆ, ರಾತ್ರಿ ಪಾಳಿಗೆ ಕಳಪೆ ನೂಲು; ಎಳೆ ಕಡಿದು ಕಡಿದು ಕಟ್ಟುವುದರಲ್ಲೇ ಹೊತ್ತು ಹೋಗುತ್ತದೆ. ಮೀಟರಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ರಾತ್ರಿಯವನಿಗೆ ಅನ್ಯಾಯವೆಂದು ಜಗಳ ಬರುತ್ತದೆ. ಆಗ ಮ್ಯಾನೇಜರು, "ಸುಮ್ಮನಿರಿ, ಎರಡೂ ಪಾಳಿಯನ್ನು ಸರಿದೂಗಿಸುವ ಲೆಕ್ಕ ನಮ್ಮ ಆಫೀಸಿನಲ್ಲಿದೆ" ಎನ್ನುತ್ತಾನೆ. ಮಂಡಳಿ ಹೇಳಿದ್ದೂ ಇದನ್ನೇ. ಅವರ ಭಾಷೆಯಲ್ಲಿ ಇದಕ್ಕೆ ನಾರ್ಮಲೈಸೇಷನ್ ಎಂದು ಹೆಸರು. ಪ್ರತಿ ಪಾಳಿಯವರನ್ನೂ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸುವುದು, ಬೆಳಗಿನ ಸಾಲಿನಲ್ಲಿ ಹಿಂದಿನಿಂದ ನೂರಕ್ಕೆ ತೊಂಬತ್ತು ಜನರನ್ನು ದಾಟಿದವನೂ ಮಧ್ಯಾಹ್ನದ ಸಾಲಿನಲ್ಲಿ ತೊಂಬತ್ತು ಜನರನ್ನು ದಾಟಿದವನೂ ಸಮಾನರೆಂದು ಎಣಿಸುವುದು. ಲೆಕ್ಕ ತೀರ ಹುಚ್ಚು ಲೆಕ್ಕವೇನಲ್ಲ. ಆದರೆ ಎರಡೂ ಪಾಳಿಯಲ್ಲಿ ಜಾಣರೂ ದಡ್ಡರೂ ಸಮಸಮನಾಗಿ ಕೂತಿದ್ದರು ಎಂದು ನಂಬಿದರೆ ಮಾತ್ರ ಅದು ಸರಿ. ಒಂದು ಅಂಕದ ಹೆಚ್ಚುಕಡಿಮೆಯಲ್ಲಿ ನೂರಾರು ಜನ ಹಿಂದುಮುಂದಾಗುವ ಪರೀಕ್ಷೆಯಲ್ಲಿ ಇಂಥ ನಂಬಿಕೆಯ ಮೇಲೆ ಒಬ್ಬಳ ಬಾಳನ್ನು ತೂಗುವುದೆ?

ತೂಗಿದ್ದನ್ನು ತೋರಿಸಿದರೂ ಆಗುತ್ತಿತ್ತು. ಪ್ರಶ್ನೆಪತ್ರಿಕೆ ಹೊರಗೆ ಕೊಡುವುದಿಲ್ಲ. ಸರಿಯುತ್ತರ ಯಾವುದೆಂದು ತಿಳಿಸಲಿಲ್ಲ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನಾಲ್ಕನೆಯ ತರಗತಿಯ ಹುಡುಗನಿಗೂ ತಿದ್ದಿದ ಉತ್ತರಪತ್ರಿಕೆಯನ್ನು ಕೈಗೆ ಕೊಡುತ್ತಿದ್ದೆವು. ಕೂಡಿದ ಲೆಕ್ಕ ತಪ್ಪಿದ್ದರೆ ಅವನು ಧೈರ್ಯವಾಗಿ ಮೇಜಿನ ಬಳಿಗೆ ಬರುತ್ತಿದ್ದ. ಚಿಕ್ಕ ಅಂಗಡಿಯವನ ತಕ್ಕಡಿಗೂ ಬಟ್ಟಿಗೂ ಸರಕಾರದ ಮುದ್ರೆ ಬೀಳಬೇಕು, ಮುದ್ರೆಯಿಲ್ಲದಿದ್ದರೆ ದಂಡ. ಎರಡು ಲಕ್ಷ ಡಾಕ್ಟರರನ್ನು ತೂಗುವ ತಕ್ಕಡಿಯನ್ನು ಮಾತ್ರ ಪರದೆಯ ಹಿಂದೆ ಇಟ್ಟಿದ್ದರು. 2025ರಲ್ಲಿ ಸುಪ್ರೀಂ ಕೋರ್ಟು, ಮೂಲ ಅಂಕ, ಸರಿಯುತ್ತರ, ಸರಿದೂಗಿಸುವ ಸೂತ್ರ ಇವನ್ನು ಪ್ರಕಟಿಸಬೇಕೆಂದು ಹೇಳಿತು. ಆ ವರ್ಷವೂ ಎರಡು ಪಾಳಿಯೇ ಎಂದು ಮಂಡಳಿ ಹಟ ಹಿಡಿದಿತ್ತು. ಮೇ 30ರಂದು ಕೋರ್ಟು ಒಂದೇ ಪಾಳಿಯಲ್ಲಿ ನಡೆಸಿರೆಂದು ಆಜ್ಞೆ ಮಾಡಿತು. ಜೂನ್ 15ರ ಪರೀಕ್ಷೆ ಆಗಸ್ಟ್ 3ಕ್ಕೆ ಹೋಯಿತು, ಒಂದೇ ಬೆಳಿಗ್ಗೆ ಮುಗಿಯಿತು. ಅಸಾಧ್ಯವೆಂದದ್ದು ಸಾಧ್ಯವಾಯಿತು. ಇದನ್ನು ಯಾರೂ ದಾನವಾಗಿ ಕೊಡಲಿಲ್ಲ. ಹುಡುಗರೂ ಹುಡುಗಿಯರೂ ಕೋರ್ಟಿನ ಮೆಟ್ಟಿಲು ಹತ್ತಿ ಪಡೆದುಕೊಂಡರು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇವೆ. ಈ ಪರೀಕ್ಷೆಯಲ್ಲಿ ಅರ್ಹತೆಯೆಂಬುದು ಇಷ್ಟು ಅಂಕ ಎಂದಲ್ಲ. ಸಾಮಾನ್ಯ ವರ್ಗದವರು ಐವತ್ತನೆಯ ಪರ್ಸೆಂಟೈಲಿನಲ್ಲಿರಬೇಕು, ಅಂದರೆ ಸಾಲಿನ ಮೇಲರ್ಧದಲ್ಲಿ. ಪರಿಶಿಷ್ಟರೂ ಹಿಂದುಳಿದವರೂ ನಲವತ್ತನೆಯದರಲ್ಲಿ. 2023ರ ಸೆಪ್ಟೆಂಬರ್ 20ರಂದು ಕೇಂದ್ರ ಸರಕಾರ ಇದನ್ನು ಎಲ್ಲ ವರ್ಗಕ್ಕೂ ಸೊನ್ನೆಗೆ ಇಳಿಸಿತು. ಪರೀಕ್ಷೆಗೆ ಕೂತಿದ್ದರೆ ಸಾಕು, ಅಂಕ ಸೊನ್ನೆಗಿಂತ ಕೆಳಗೆ ಹೋಗಿದ್ದರೂ ಸೀಟು ಕೇಳಬಹುದು. ಕಾರಣ? ಸೀಟುಗಳು ಖಾಲಿ ಉಳಿದಿವೆ.

ಒಂದು ಲೆಕ್ಕ ಮಾಡೋಣ. ಪರೀಕ್ಷೆಗೆ ಹೆಸರು ಕೊಟ್ಟವರು ಎರಡು ಲಕ್ಷ. ಹಳೆಯ ನಿಯಮದ ಪ್ರಕಾರವೇ ಅರ್ಹರಾದವರು ಲಕ್ಷದ ಆಸುಪಾಸು. ಆಗ ಇದ್ದ ಸೀಟುಗಳು ಎಪ್ಪತ್ತು ಸಾವಿರದ ಸುಮಾರು. ಸೀಟಿಗಿಂತ ಅರ್ಹರೇ ಹೆಚ್ಚು! ಹಾಗಿರುವಾಗ ಸೀಟು ಖಾಲಿ ಉಳಿದದ್ದು ಹೇಗೆ? ಕೆಲವು ವಿಷಯಗಳನ್ನು, ಶರೀರರಚನೆ, ಜೀವರಸಾಯನ ಇಂಥವನ್ನು, ಅಷ್ಟಾಗಿ ಯಾರೂ ಬಯಸುವುದಿಲ್ಲ ಎಂಬುದು ನಿಜ. ಅಲ್ಲಿ ರೋಗಿಯಿಲ್ಲ, ಸ್ವಂತ ದವಾಖಾನೆಯ ಸಂಪಾದನೆಯಿಲ್ಲ. ಇನ್ನೊಂದು ಕಾರಣ ಶುಲ್ಕ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಒಳ್ಳೆಯ ವಿಷಯವಾದರೆ ವರ್ಷಕ್ಕೆ ಹತ್ತಾರು ಲಕ್ಷ ರೂಪಾಯಿ. ಸಾಲಿನಲ್ಲಿ ಅರವತ್ತನೆಯವಳಾಗಿ ನಿಂತ ನಮ್ಮ ಹುಡುಗಿ ಆ ಬೆಲೆ ಕೇಳಿ ಹಿಂದಕ್ಕೆ ಸರಿಯುತ್ತಾಳೆ. ಸೀಟು ಖಾಲಿ ಎನ್ನುತ್ತಾರೆ. ಬೆಲೆ ಇಳಿಸುವುದಿಲ್ಲ, ಅರ್ಹತೆಯನ್ನು ಇಳಿಸುತ್ತಾರೆ. ಸಾಲಿನಲ್ಲಿ ಇನ್ನೂ ಹಿಂದಿರುವ, ಆದರೆ ಜೇಬು ಗಟ್ಟಿಯಿರುವವನ ತನಕ ಇಳಿಸುತ್ತಾ ಹೋಗುತ್ತಾರೆ. ವ್ಯಾಪಾರಿಗಳು ಇಲ್ಲಿ ಕೂತಿದ್ದೀರಿ. ಮಾಲು ಹೋಗದಿದ್ದರೆ ದರ ಇಳಿಸುವುದು ನಿಮಗೆ ಗೊತ್ತಿರುವ ಪದ್ಧತಿ. ದರವನ್ನು ಹಾಗೇ ಇಟ್ಟು ಗಿರಾಕಿಯನ್ನೇ ಬದಲಾಯಿಸುವ ಈ ವಿದ್ಯೆ ಸಂತೆಯಲ್ಲಿ ಯಾರಿಗೂ ಬಾರದು.

2026ರ ಜನವರಿಯಲ್ಲಿ ಮತ್ತೆ ಇಳಿಸಿದರು: ಸಾಮಾನ್ಯ ವರ್ಗಕ್ಕೆ ಏಳನೆಯ ಪರ್ಸೆಂಟೈಲ್, ಪರಿಶಿಷ್ಟರಿಗೂ ಹಿಂದುಳಿದವರಿಗೂ ಸೊನ್ನೆ. ಇದನ್ನು ಹಿಡಿದುಕೊಂಡು ಮೀಸಲಾತಿಯಿಂದಲೇ ವೈದ್ಯವಿದ್ಯೆ ಕೆಟ್ಟಿತೆಂದು ಕೂಗುವವರು ಹೊರಟಿದ್ದಾರೆ. 2023ರಲ್ಲಿ ಸೊನ್ನೆ ಎಲ್ಲರಿಗೂ ಆಗಿತ್ತಲ್ಲ, ಆಗ ಇವರ ಗಂಟಲು ಎಲ್ಲಿ ಹೋಗಿತ್ತು? ದಲಿತನ ಮಗ ಸೊನ್ನೆಯ ಸಹಾಯದಿಂದ ಹತ್ತಾರು ಲಕ್ಷದ ಸೀಟು ಕೊಂಡನೆಂದು ಹೇಳುವವರಿಗೆ ಅವನ ಕೇರಿಯ ದಾರಿಯೇ ತಿಳಿಯದು. ಹಾಗೆಂದು, ಕಡಿಮೆ ಅಂಕ ಬಂದ ಡಾಕ್ಟರನನ್ನು ನಾವು ಹಳಿಯುವುದಿಲ್ಲ. ಅವನೂ ಎಂ.ಬಿ.ಬಿ.ಎಸ್. ಪಾಸಾದವನೇ, ಎಂ.ಡಿ. ಆಗಬೇಕಾದರೆ ಕೊನೆಯ ಪರೀಕ್ಷೆಯಲ್ಲೂ ಪಾಸಾಗಬೇಕು. ಸರಕಾರದವರು ಈ ಮಾತು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಇಷ್ಟೇ ಸತ್ಯವಾಗಿದ್ದರೆ ಮೊದಲು ಐವತ್ತೆಂದು ಗೆರೆ ಎಳೆದದ್ದೇಕೆ? ಬಡವನನ್ನು ನಿಲ್ಲಿಸುವಾಗ ಗಟ್ಟಿಯಾಗಿರುವ ಗೆರೆ, ಕಾಲೇಜಿನ ಖಜಾನೆ ತುಂಬಬೇಕಾದಾಗ ಅಳಿಸಿಹೋಗುತ್ತದೆ.

ಪಕ್ಷದ ಬೇಡಿಕೆ ದೊಡ್ಡದೇನಲ್ಲ. ಅರ್ಜಿ ತುಂಬಿಸಿಕೊಂಡ ಮೇಲೆ ಆ ವರ್ಷ ನಿಯಮ ಬದಲಾಗಕೂಡದು. ಬರೆದವರಿಗೆ ಅವರ ಪ್ರಶ್ನೆಪತ್ರಿಕೆಯೂ ಉತ್ತರವೂ ಕೈಗೆ ಸಿಗಬೇಕು. ಖಾಲಿ ಉಳಿದ ಖಾಸಗಿ ಸೀಟನ್ನು ಸರಕಾರ ವಹಿಸಿಕೊಂಡು, ಸರಕಾರಿ ಕಾಲೇಜಿನ ಶುಲ್ಕಕ್ಕೆ, ಸಾಲಿನಲ್ಲಿ ಮುಂದೆ ನಿಂತು ಹಣವಿಲ್ಲದೆ ಹಿಂದಿರುಗಿದವರಿಗೆ ಮೊದಲು ಕೊಡಬೇಕು. ಹಾಗೆ ಓದಿದವರು ಕೆಲವು ವರ್ಷ ತಾಲ್ಲೂಕು ಆಸ್ಪತ್ರೆಯಲ್ಲೋ ಇ.ಎಸ್.ಐ. ಆಸ್ಪತ್ರೆಯಲ್ಲೋ ಕೆಲಸ ಮಾಡಬೇಕೆಂದು ಕರಾರು ಬರೆಸಿಕೊಳ್ಳಲಿ. ಹಣ ಎಲ್ಲಿಂದ ಎಂದು ಕೇಳುವವರು ನಿಮ್ಮ ಸಂಬಳದ ಚೀಟಿಯ ಆ ಮುಕ್ಕಾಲು ರೂಪಾಯಿಯನ್ನು ಒಮ್ಮೆ ನೋಡಲಿ.

ಕೇಂದ್ರದ ಆರೋಗ್ಯ ಮಂತ್ರಿಗಳಿಗೂ ನಮ್ಮ ಲೋಕಸಭಾ ಸದಸ್ಯರಿಗೂ ಕಳಿಸುವ ಮನವಿ ಬರೆದಾಗಿದೆ. ನಾಳೆಯಿಂದ ಮೂರು ದಿನ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಬಳಿ ನಮ್ಮವರು ಹಾಳೆಗಳೊಡನೆ ನಿಂತಿರುತ್ತಾರೆ. ಅಂಗಡಿಯವರು ತಲಾ ಒಂದು ಹಾಳೆ ಒಯ್ದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಳ್ಳಿ, ಬಂದ ಗಿರಾಕಿಗೆ ಓದಿ ಹೇಳಿ ಸಹಿ ಹಾಕಿಸಿ. ಯಾರ ಮನೆಯಲ್ಲಾದರೂ ಈ ಪರೀಕ್ಷೆಗೆ ಕೂರುವ ಮಕ್ಕಳಿದ್ದರೆ ಭಾನುವಾರ ಸಂಜೆ ಪಕ್ಷದ ಕಚೇರಿಗೆ ಅವರನ್ನು ಕಳಿಸಿಕೊಡಿ. ಮನವಿ ಹೊರಡುವ ಮುಂಚೆ ಅವರ ಕಣ್ಣಿಗೆ ಒಮ್ಮೆ ಬೀಳಬೇಕು.