ಹಾಜರಿ ಪುಸ್ತಕದಿಂದ ಜಾರಿಹೋಗುವ ಹುಡುಗರು



ಶಾಲೆ ಬಿಟ್ಟ ಮಕ್ಕಳು ಎಂದೊಡನೆ ನಮಗೆ ನೆನಪಾಗುವುದು ಹೆಣ್ಣುಮಕ್ಕಳು. ಅವರ ಕಷ್ಟ ಇನ್ನೂ ತೀರಿಲ್ಲ, ನಿಜ. ಆದರೆ ಕೇಂದ್ರ ಸರ್ಕಾರದ 2021-22ರ ಅಂಕಿ ಅಂಶಗಳಂತೆ, ದೇಶದಲ್ಲಿ ಪ್ರೌಢಶಾಲೆಯ ಹಂತದಲ್ಲಿ ಹುಡುಗಿಯರಿಗಿಂತ ಹುಡುಗರೇ ಹೆಚ್ಚಿನ ಪ್ರಮಾಣದಲ್ಲಿ ಶಾಲೆ ಬಿಟ್ಟಿದ್ದಾರೆ. ಹುಡುಗಿ ಶಾಲೆ ಬಿಟ್ಟರೆ ನಾಲ್ಕು ಜನ ಮರುಗುತ್ತಾರೆ. ಹುಡುಗ ಬಿಟ್ಟರೆ "ಮಗ ದುಡಿಮೆಗೆ ಬಂದ" ಎಂದು ಸಮಾಧಾನಪಡುತ್ತಾರೆ. ಆದ್ದರಿಂದಲೇ ಈ ಸಮಸ್ಯೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ಕಾರಣಗಳೇನು? ಮೊದಲನೆಯದು ಬಡತನ. ತಂದೆಯ ಕಾಯಿಲೆ, ತೀರದ ಸಾಲ, ಮಳೆ ಕೈಕೊಟ್ಟ ವರ್ಷ, ಯಾವುದು ಬಂದರೂ ಮನೆಯ ಭಾರ ಹಿರಿಯ ಮಗನ ಹೆಗಲಿಗೆ ಬೀಳುತ್ತದೆ. ಎರಡನೆಯದು ಕಲಿಕೆಯಲ್ಲಿ ಹಿಂದುಳಿಯುವಿಕೆ. ಮೂರನೆಯ ತರಗತಿಯಲ್ಲಿ ಸರಾಗವಾಗಿ ಓದಲು ಕಲಿಯದವನು ಒಂಬತ್ತನೆಯ ತರಗತಿಯ ಗಣಿತ, ಇಂಗ್ಲಿಷುಗಳ ಮುಂದೆ ದಿಕ್ಕು ತೋಚದೆ ಕೂರುತ್ತಾನೆ. ಶಾಲೆಯಲ್ಲಿ ದಡ್ಡ ಎನಿಸಿಕೊಂಡವನಿಗೆ ಗ್ಯಾರೇಜಿನಲ್ಲಿ ಚುರುಕಿನ ಹುಡುಗ ಎಂಬ ಹೆಸರು ಸಿಕ್ಕರೆ ಅವನು ಎಲ್ಲಿ ನಿಲ್ಲುತ್ತಾನೆ? ನೀವೇ ಹೇಳಿ.

ಮೂರನೆಯದು ಕಾನೂನಿನಲ್ಲಿರುವ ಅಂತರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಹೀಗೆ ಎಂಟನೆಯ ತರಗತಿ ಮುಗಿಯುವ ಹೊತ್ತಿಗೆ ಶಾಲೆಯ ಹಿಡಿತ ಸಡಿಲವಾಗುತ್ತದೆ, ಕೂಲಿಯ ಸೆಳೆತ ಬಲವಾಗುತ್ತದೆ.

ಆದರೆ ಹುಡುಗರು ಸಾಮಾನ್ಯವಾಗಿ ಒಂದೇ ದಿನದಲ್ಲಿ ಶಾಲೆ ಬಿಡುವುದಿಲ್ಲ. ಮೊದಲು ಸಂತೆಯ ದಿನ ತಪ್ಪಿಸುತ್ತಾರೆ, ಆಮೇಲೆ ಸುಗ್ಗಿಯ ವಾರ, ಕೊನೆಗೆ ಪರೀಕ್ಷೆ. ಹಾಜರಿ ಪುಸ್ತಕ ಇದನ್ನು ಎಲ್ಲರಿಗಿಂತ ಮೊದಲು ಹೇಳುತ್ತದೆ. ಮೂರನೆಯ ದಿನವೇ ಉಪಾಧ್ಯಾಯರು ಮನೆಗೆ ಹೋಗಿ ವಿಚಾರಿಸಿದರೆ ಹುಡುಗ ಮರಳಿ ಬರಬಹುದು. ಮೂರು ತಿಂಗಳು ಕಳೆದರೆ, ಅವನ ಕೂಲಿಯನ್ನು ನಂಬಿ ಸಂಸಾರ ನಡೆಯತೊಡಗಿರುತ್ತದೆ.

ನೀವೂ ಸುಮ್ಮನಿರಬೇಕಾಗಿಲ್ಲ. ಪಕ್ಕದ ಜಾಗ ಖಾಲಿಯಾದರೆ ಅದೇ ಸಂಜೆ ಗೆಳೆಯನ ಮನೆಗೆ ಹೋಗಿ. ತಪ್ಪಿದ ಪಾಠಗಳ ಟಿಪ್ಪಣಿ ಕೊಡಿ, ಜೊತೆಯಲ್ಲಿ ಕೂತು ಲೆಕ್ಕ ಬಿಡಿಸಿ. ಮನೆಯಲ್ಲಿ ತೊಂದರೆಯಿದ್ದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ದಡ್ಡ ಎಂಬ ಮಾತು ತರಗತಿಯಲ್ಲಿ ಕೇಳಿಸದಂತೆ ನೋಡಿಕೊಳ್ಳಿ. ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಮಕ್ಕಳಿಗೆ ಓದು, ಲೆಕ್ಕ ಕಲಿಸಬಹುದು.

ಈಗಾಗಲೇ ಬಿಟ್ಟವರಿಗೂ ದಾರಿ ಮುಚ್ಚಿಲ್ಲ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, 5 ವರ್ಷಗಳ ಅವಧಿಯಲ್ಲಿ ಒಂದೊಂದೇ ವಿಷಯ ಮುಗಿಸಿ ಹತ್ತನೆಯ ತರಗತಿ ದಾಟಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಗ್ಯಾರೇಜಿನಲ್ಲಿ ಕಲಿತ ಕೈಕೆಲಸಕ್ಕೆ ಹತ್ತನೆಯ ತರಗತಿಯ ಪ್ರಮಾಣಪತ್ರ ಜೊತೆಯಾದರೆ ಐಟಿಐ ಬಾಗಿಲೂ ತೆರೆಯುತ್ತದೆ. ಈ ಮಾತನ್ನು ಅವರಿಗೆ ತಲುಪಿಸುವವರು ಬೇಕು. ಆ ಕೆಲಸ ನಿಮ್ಮಿಂದ ಆಗಲಿ.