ಸೀಸದ ಕಡ್ಡಿಗೆ ಸಿಕ್ಕ ಅಲೆಮಾರಿಗಳು



ಸಿಂಧನೂರಿನಿಂದ ಮಸ್ಕಿ ಕಡೆ ಹೊರಟರೆ, ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿಹಿಂಡುಗಳು ಕಾಣುತ್ತವೆ. ಕುರಿಗಾರನ ಹೆಗಲಿಗೆ ಕಂಬಳಿ, ಕುದುರೆಯ ಬೆನ್ನಿಗೆ ಅವನ ಇಡೀ ಸಂಸಾರ. ರಾತ್ರಿ ಹಿಂಡು ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಅವನಿಗೆ ಕಾಳೋ ಕಾಸೋ.

ಇವರನ್ನು ಕಂಡಾಗಲೆಲ್ಲ ನನಗೆ ಲಾಡಿಸ್ಲಾವ್ ಮೆಡ್ನ್ಯಾನ್ಸ್ಕಿ ನೆನಪಾಗುತ್ತಾನೆ. 1852ರಲ್ಲಿ, ಇಂದಿನ ಸ್ಲೊವಾಕಿಯಾದ ಬೆಟ್ಸ್ಕೋವ್‌ನಲ್ಲಿ ಹುಟ್ಟಿದ ಚಿತ್ರಕಾರ. ಶ್ರೀಮಂತ ಮನೆತನದ ಮಗ. ಆದರೂ ಬಡವರ ವೇಷದಲ್ಲಿ ಅಲೆಮಾರಿಗಳ ಜೊತೆ ಅಲೆದ, ಅವರನ್ನೇ ಬರೆದ. 1919ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ. ಸ್ಲೊವಾಕಿಯಾ ನಮ್ಮವ ಅನ್ನುತ್ತದೆ, ಹಂಗೇರಿಯೂ ನಮ್ಮವನೇ ಅನ್ನುತ್ತದೆ. ಅಲೆದವನಿಗೆ ಊರು ಎರಡಿದ್ದರೆ ತಪ್ಪೇನು, ಬಿಡಿ.

ಅಲೆಮಾರಿಯನ್ನು ಬರೆಯಲು ಪೆನ್ಸಿಲ್ಲೇ ಸರಿ ಅನಿಸುತ್ತದೆ ನನಗೆ. ಎಣ್ಣೆಬಣ್ಣ ಒಣಗುವವರೆಗೆ ಅವನೆಲ್ಲಿ ಕಾಯುತ್ತಾನೆ? ಬಾಗಿದ ಬೆನ್ನು, ಗಂಟು ಹಿಡಿದ ಕೈ. ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಎದ್ದು ನಡೆದಿರುತ್ತಾನೆ.

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಗುಳೆ ಹೊರಟವರೂ ಹಾಗೇ. ಚೀಲದ ಮೇಲೆ ಕೂತ ಅವ್ವ, ಮಡಿಲಲ್ಲಿ ನಿದ್ದೆಗಣ್ಣಿನ ಕೂಸು, ಪಕ್ಕದಲ್ಲಿ ಬುತ್ತಿಗಂಟು. ಬೆಂಗಳೂರು ಬಸ್ಸು ಬಂತು. ಎಲ್ಲರೂ ಎದ್ದರು.